ಕಾರ್ಬೊನಿಫೆರಸ್ ಶೇಲ್ ಫಾರ್ಮೇಷನ್ ಗುರುತಿಸಿ ವರ್ಗೀಕರಿಸುವುದು ಹೇಗೆ? ಬೋಲಂಡ್ ಶೇಲ್ ಹಿಡಿದು ಒಂದು ಮಾರ್ಗದರ್ಶಿ

ಭೂವಿಜ್ಞಾನ ಓದುವವರು, ಅದರಲ್ಲೂ ಎಂ.ಎಸ್ಸಿ. ಮಾಡಲು ಇಂಗ್ಲೆಂಡಿಗೆ ಹೋದವರು, ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಕಲ್ಲು ಕಪ್ಪಗಿದೆ, ಪದರ ಪದರವಾಗಿದೆ, ಕಾರ್ಬೊನಿಫೆರಸ್ ಕಾಲದ್ದು ಅಂತ ಗೊತ್ತು. ಇದನ್ನು ಒಂದು ಫಾರ್ಮೇಷನ್ ಅಂತ ಬರೆಯಬೇಕಾದರೆ ಏನೇನು ತೋರಿಸಬೇಕು? ಯಾವ ವರ್ಗಕ್ಕೆ ಸೇರಿಸಬೇಕು?"

ಪ್ರಶ್ನೆ ಸಹಜವೇ. ಕರ್ನಾಟಕದಲ್ಲಿ ಕಾರ್ಬೊನಿಫೆರಸ್ ಕಲ್ಲೇ ಇಲ್ಲ. ನಮ್ಮ ಕ್ಷೇತ್ರಾಭ್ಯಾಸ ನಡೆಯುವುದು ನೈಸ್, ಶಿಸ್ಟ್, ಗ್ರಾನೈಟ್ ಮೇಲೆ. ಕಲಾದಗಿ ಮತ್ತು ಭೀಮಾ ಕಣಿವೆಗಳಲ್ಲಿ, ಅಂದರೆ ಹೂಳು ತುಂಬಿ ಕಲ್ಲಾದ ಹಳೆಯ ತಗ್ಗುಗಳಲ್ಲಿ, ಶೇಲ್ ಇದೆ, ನಿಜ. ಆದರೆ ಅದು ಪ್ರೊಟೆರೊಜೋಯಿಕ್ ಕಾಲದ್ದು, ಚಿಪ್ಪಿನ ಪ್ರಾಣಿಗಳೇ ಹುಟ್ಟದಿದ್ದಾಗಿನದು. ಪಳೆಯುಳಿಕೆ ಹಿಡಿದು ವಯಸ್ಸು ಹೇಳುವ ಅಭ್ಯಾಸ ಅಲ್ಲಿ ಬರುವುದಿಲ್ಲ.

ಹಾಗಾಗಿ ಚೆನ್ನಾಗಿ ಅಧ್ಯಯನವಾಗಿರುವ ಒಂದು ಕಾರ್ಬೊನಿಫೆರಸ್ ಶೇಲನ್ನೇ ಹಿಡಿದು ಹಂತ ಹಂತವಾಗಿ ಹೇಳುತ್ತೇನೆ. ಉತ್ತರ ಇಂಗ್ಲೆಂಡಿನ ಬೋಲಂಡ್ ಶೇಲ್ ಫಾರ್ಮೇಷನ್. ಲ್ಯಾಂಕಾಷೈರ್‌ನ ಬೋಲಂಡ್ ಗುಡ್ಡಗಾಡಿನಿಂದ ಬಂದ ಹೆಸರು. ವಯಸ್ಸು ಸುಮಾರು 33 ಕೋಟಿ ವರ್ಷದ ಆಸುಪಾಸು.

ಮೊದಲೇ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪದರಶಿಲೆಗಳ ಲೆಕ್ಕ ಬರೆಯಲು ಮೂರು ಬೇರೆ ಬೇರೆ ಖಾತೆಗಳಿವೆ. ಕಲ್ಲಿನ ಗುಣದ ಖಾತೆ, ಪಳೆಯುಳಿಕೆಯ ಖಾತೆ, ಕಾಲದ ಖಾತೆ. ಫಾರ್ಮೇಷನ್ ಅನ್ನುವುದು ಮೊದಲನೆಯ ಖಾತೆಗೆ ಮಾತ್ರ ಸೇರಿದ್ದು. ಅಂದರೆ ಕಣ್ಣಿಗೆ ಕಾಣುವ ಕಲ್ಲಿನ ಗುಣದಿಂದ ಅಕ್ಕಪಕ್ಕದ ಕಲ್ಲುಗಳಿಗಿಂತ ಬೇರೆ ಎಂದು ಹೇಳಬಹುದಾದ, ನಕ್ಷೆಯಲ್ಲಿ ಗೆರೆ ಎಳೆದು ತೋರಿಸಬಹುದಾದ ಪದರಗಳ ಸಮೂಹ. ನಾನು ನೋಡಿದ ವರದಿಗಳಲ್ಲಿ ತಪ್ಪಾಗುವುದು ಬಹುತೇಕ ಈ ಖಾತೆಗಳನ್ನು ಕಲಸಿದ ಕಡೆಯೇ.

ಬೇಕಾಗುವ ಸಾಮಾನು

ಸುತ್ತಿಗೆ, 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಅಳತೆ ಟೇಪು, ಪದರದ ವಾಲು ಅಳೆಯುವ ಕ್ಲೈನೋಮೀಟರ್ ಇರುವ ದಿಕ್ಸೂಚಿ, ಸಣ್ಣ ಬಾಟಲಿಯಲ್ಲಿ ಶೇಕಡ 10ರ ಹೈಡ್ರೋಕ್ಲೋರಿಕ್ ಆಮ್ಲ, ಬಣ್ಣ ಹೋಲಿಸುವ ಮನ್ಸೆಲ್ ಪಟ್ಟಿ, ಗ್ರಾಫ್ ಹಾಳೆ, ಮಾದರಿ ಚೀಲ, ಅಳಿಸದ ಪೆನ್ನು. ಜೊತೆಗೆ ಹೆಲ್ಮೆಟ್. ಶೇಲ್ ದಂಡೆಗಳು ಸುಮ್ಮನೆ ನಿಂತಂತೆ ಕಾಣುತ್ತವೆ, ಆದರೆ ಮಳೆ ಬಿದ್ದರೆ ಕುಸಿಯುತ್ತವೆ. ಡರ್ಬಿಷೈರ್‌ನ ಮ್ಯಾಮ್ ಟೋರ್ ಗುಡ್ಡದಲ್ಲಿ ಇದೇ ಬಗೆಯ ಶೇಲ್ ಜಾರಿ ಜಾರಿ, ಎ625 ಹೆದ್ದಾರಿಯನ್ನು 1979ರಲ್ಲಿ ಶಾಶ್ವತವಾಗಿ ಮುಚ್ಚಬೇಕಾಯಿತು.

ಸುತ್ತಿಗೆ ಎತ್ತುವ ಮೊದಲು ಅನುಮತಿ ಕೇಳಿ. ಬ್ರಿಟನ್ನಿನಲ್ಲಿ ಪದರಗಳು ಕೊಯ್ದಂತೆ ಒಂದರ ಮೇಲೊಂದು ಚೆನ್ನಾಗಿ ಕಾಣುವ ಎಷ್ಟೋ ಹಳ್ಳಗಳು ಕಾನೂನಿನಡಿ ಸಂರಕ್ಷಿತ ಜಾಗಗಳು.

ಹಂತ 1: ಅದು ನಿಜಕ್ಕೂ ಶೇಲಾ, ನೋಡಿ

ಜೇಡಿಮಣ್ಣು ಮತ್ತು ಹೂಳು ಗಟ್ಟಿಯಾಗಿ ಆದ ಕಲ್ಲಿಗೆಲ್ಲ ಒಟ್ಟು ಹೆಸರು ಮಡ್‌ಸ್ಟೋನ್. ಅದರ ಅರ್ಧಕ್ಕಿಂತ ಜಾಸ್ತಿ ಕಣಗಳು 62.5 ಮೈಕ್ರಾನ್‌ಗಿಂತ ಸಣ್ಣವಾಗಿರಬೇಕು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಅದರಲ್ಲೂ 4 ಮೈಕ್ರಾನ್‌ಗಿಂತ ಸಣ್ಣದು ಜೇಡಿ, ಅದಕ್ಕಿಂತ ದೊಡ್ಡದು ಹೂಳು. ಇಂಥ ಕಲ್ಲು ತೆಳು ಹಾಳೆಗಳಾಗಿ ಸೀಳಿದರೆ ಅದು ಶೇಲ್.

ಗುಡ್ಡದಲ್ಲಿ ಮೈಕ್ರಾನ್ ಅಳೆಯುವುದು ಹೇಗೆ? ಹಳೆಯ ಉಪಾಯ ಒಂದಿದೆ. ಶುದ್ಧವಾದ ಚೂರೊಂದನ್ನು ಮುಂಬಲ್ಲಿನಲ್ಲಿ ಮೆಲ್ಲಗೆ ಕಡಿಯಿರಿ. ಕರಕರ ಎಂದರೆ ಹೂಳು ಜಾಸ್ತಿ, ನುಣ್ಣಗಿದ್ದರೆ ಜೇಡಿ ಜಾಸ್ತಿ. ಗಣಿ ತ್ಯಾಜ್ಯದ ಹತ್ತಿರ, ಕೊಳಚೆ ಹರಿಯುವ ಹಳ್ಳದಲ್ಲಿ ಈ ಸಾಹಸ ಬೇಡ.

ಎಚ್ಚರಿಕೆ: ಹಾಳೆಯಾಗಿ ಸೀಳುವ ಗುಣ ಎಷ್ಟೋ ಸಲ ಬಿಸಿಲು ಮಳೆಗೆ ಬಿದ್ದು ಬಂದದ್ದು. ಹಳ್ಳದ ದಂಡೆಯಲ್ಲಿ ಹಾಳೆ ಹಾಳೆಯಾಗಿ ಬಿಚ್ಚುವ ಅದೇ ಪದರ, ಕೊರೆದು ತೆಗೆದ ಕೋರ್‌ನಲ್ಲಿ, ಅಂದರೆ ಬೋರ್ ಹಾಕಿ ಮೇಲೆತ್ತಿದ ಕಲ್ಲಿನ ಕಂಬದಲ್ಲಿ, ಒಂದೇ ಗಟ್ಟಿ ತುಂಡಾಗಿ ಕಾಣುತ್ತದೆ. ಎರಡನ್ನೂ ನೋಡಿ "ಎರಡು ಬೇರೆ ಕಲ್ಲು" ಎಂದು ಬರೆದವರಿದ್ದಾರೆ. ನನ್ನ ಸಲಹೆ: ಟಿಪ್ಪಣಿಯಲ್ಲಿ ಕಲ್ಲಿಗೆ ಮಡ್‌ಸ್ಟೋನ್ ಎಂದೇ ಬರೆಯಿರಿ. ಸೀಳುವ ಗುಣವನ್ನು ಪಕ್ಕದಲ್ಲಿ ಬೇರೆಯಾಗಿ ದಾಖಲಿಸಿ. ಫಾರ್ಮೇಷನ್ ಹೆಸರಿನಲ್ಲಿ ಶೇಲ್ ಎಂದು ಬಂದರೆ ಪರವಾಗಿಲ್ಲ, ಅದು ರೂಢಿ.

ಆಮ್ಲದ ಪರೀಕ್ಷೆಯೂ ಇಲ್ಲೇ ಮಾಡಿಬಿಡಿ. ಹನಿ ಹಾಕಿದ ತಕ್ಷಣ ಜೋರಾಗಿ ನೊರೆ ಬಂದರೆ ಕ್ಯಾಲ್ಸೈಟ್, ಅಂದರೆ ಸುಣ್ಣಕಲ್ಲಿನ ಮುಖ್ಯ ಖನಿಜ, ಇದೆ. ಡೊಲೊಮೈಟ್ ಆದರೆ ಕಲ್ಲನ್ನು ಗೀಚಿ ಪುಡಿ ಮಾಡಿದ ಮೇಲೆ ಮಾತ್ರ ಸ್ವಲ್ಪ ನೊರೆ ಬರುತ್ತದೆ.

ಹಂತ 2: ಕೆಳಗಿನಿಂದ ಮೇಲಕ್ಕೆ ಅಳೆದು ಬರೆಯಿರಿ

ಹಳ್ಳದ ಒಂದು ತುದಿಯಿಂದ ಶುರು ಮಾಡಿ, ಪದರ ಪದರದ ದಪ್ಪ, ಬಣ್ಣ, ಕಣದ ಗಾತ್ರ, ನೊರೆ, ಪಳೆಯುಳಿಕೆ ಎಲ್ಲವನ್ನೂ ಒಂದು ಉದ್ದ ಕಾಲಮ್ಮಿನಲ್ಲಿ ಬರೆಯಿರಿ. ಇದಕ್ಕೆ ಲಾಗ್ ಎನ್ನುತ್ತಾರೆ. ಸುಣ್ಣಕಲ್ಲಿನ ತೆಳು ಪಟ್ಟಿ, ಕಬ್ಬಿಣದ ಅಂಶವಿರುವ ಗಂಟುಗಳು, ಮರಳುಗಲ್ಲಿನ ಪದರ, ಪೈರೈಟ್ ಎಂಬ ಹೊಳೆಯುವ ಕಬ್ಬಿಣ-ಗಂಧಕದ ಖನಿಜ ಯಾವುದನ್ನೂ ಬಿಡಬೇಡಿ. ಬೋಲಂಡ್‌ನಲ್ಲಿ ಇವೆಲ್ಲ ಸಿಗುತ್ತವೆ. "ಎಲ್ಲಾ ಕಪ್ಪು ಶೇಲ್" ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಮುಂದಿನ ಹಂತಗಳಿಗೆ ಏನೂ ಉಳಿಯುವುದಿಲ್ಲ.

ಪದರ ವಾಲಿದ್ದರೆ ಟೇಪಿನ ಅಳತೆ ನಿಜವಾದ ದಪ್ಪ ಅಲ್ಲ. ಸಮತಟ್ಟು ನೆಲದಲ್ಲಿ, ಪದರ ವಾಲಿದ ದಿಕ್ಕಿನಲ್ಲೇ 40 ಮೀಟರ್ ಅಳೆದಿದ್ದೀರಿ, ವಾಲು 30 ಡಿಗ್ರಿ ಇದೆ ಅಂದುಕೊಳ್ಳಿ. ನಿಜವಾದ ದಪ್ಪ 40ನ್ನು 30 ಡಿಗ್ರಿಯ ಸೈನ್‌ನಿಂದ ಗುಣಿಸಿದಷ್ಟು, ಅಂದರೆ 20 ಮೀಟರ್.

ಶೇಲ್ ಮೆತ್ತಗಿನ ಕಲ್ಲು, ಸುಲಭವಾಗಿ ಮಡಚಿಕೊಳ್ಳುತ್ತದೆ, ಬಿರುಕಿನಲ್ಲಿ ಜಾರುತ್ತದೆ. ಒಂದೇ ಪದರ ಎರಡು ಸಲ ಎದುರಾಗಬಹುದು. ದಪ್ಪ ಅನುಮಾನ ಹುಟ್ಟಿಸುವಷ್ಟು ಜಾಸ್ತಿ ಬಂದರೆ ಮೊದಲು ಇದನ್ನು ನೋಡಿ.

ಹಂತ 3: ತಳ ಎಲ್ಲಿ, ತಲೆ ಎಲ್ಲಿ

ಫಾರ್ಮೇಷನ್ ವ್ಯಾಖ್ಯಾನದ ಜೀವಾಳ ಇದೇ. ನಡುವೆ ಏನಿದೆ ಅನ್ನುವುದಕ್ಕಿಂತ ಎರಡು ಗಡಿಗಳು ಎಲ್ಲಿವೆ, ಯಾವ ಗುರುತಿನಿಂದ ಎಳೆದಿದ್ದೀರಿ ಅನ್ನುವುದು ಮುಖ್ಯ.

ಬೋಲಂಡ್ ಶೇಲಿನ ಮೂಲ ಪ್ರದೇಶವಾದ ಕ್ರೇವನ್ ಕಣಿವೆಯಲ್ಲಿ ತಳದ ಗಡಿ ಪೆಂಡಲ್‌ಸೈಡ್ ಸುಣ್ಣಕಲ್ಲಿನ ಮೇಲೆ ಬರುತ್ತದೆ. ಸುಣ್ಣಕಲ್ಲು ಮೇಲುಗೈ ಬಿಟ್ಟು ಕಪ್ಪು ಮಡ್‌ಸ್ಟೋನ್ ಮೇಲುಗೈ ಪಡೆಯುವ ಜಾಗ ಅದು. ಮೇಲಿನ ಗಡಿಯಲ್ಲಿ ಪೆಂಡಲ್ ಗ್ರಿಟ್ ಎಂಬ ದಪ್ಪ ಮರಳುಗಲ್ಲು ಶುರುವಾಗುತ್ತದೆ. ಅದು ಮಿಲ್‌ಸ್ಟೋನ್ ಗ್ರಿಟ್ ಗುಂಪಿಗೆ ಸೇರಿದ್ದು. ಉತ್ತರದಿಂದ ಬಂದ ನದಿಗಳು ತಂದು ಸುರಿದ ಮರಳು ಆಳ ಸಮುದ್ರದ ಕೆಸರಿನ ಮೇಲೆ ಕೂತದ್ದು.

ಗಡಿ ಯಾವಾಗಲೂ ಚಾಕುವಿನಲ್ಲಿ ಕೊಯ್ದಂತೆ ಇರುವುದಿಲ್ಲ. ಸುಣ್ಣಕಲ್ಲು ಮತ್ತು ಶೇಲ್ ಹಲವು ಮೀಟರ್ ತನಕ ಒಂದರ ಮೇಲೊಂದು ಬದಲಾಗುತ್ತಾ ಹೋಗಬಹುದು. ಆಗ ಒಂದು ನಿಯಮ ನೀವೇ ಮಾಡಿ, ಬರೆದಿಡಿ. ಉದಾಹರಣೆಗೆ, "ಕೊನೆಯ ದಪ್ಪ ಸುಣ್ಣಕಲ್ಲಿನ ಮೇಲ್ಮೈಯೇ ತಳದ ಗಡಿ". ದಪ್ಪ ಅಂದರೆ ಎಷ್ಟು ಸೆಂಟಿಮೀಟರ್ ಅಂತಲೂ ಹೇಳಿ. ಇನ್ನೊಬ್ಬರು ಅದೇ ಹಳ್ಳಕ್ಕೆ ಹೋಗಿ ಅದೇ ಜಾಗದಲ್ಲಿ ಬೆರಳಿಡಲು ಆಗಬೇಕು, ಅಷ್ಟೇ.

ದಪ್ಪಕ್ಕೆ ಕನಿಷ್ಠ ಇಷ್ಟಿರಬೇಕು ಎಂಬ ನಿಯಮವೇನೂ ಇಲ್ಲ. ನಕ್ಷೆಯಲ್ಲಿ ಗುರುತಿಸಲು ಬಂದರೆ ಸಾಕು.

ಹಂತ 4: ಮಾದರಿ ಛೇದ ಆರಿಸಿ, ಹೆಸರು ಕೊಡಿ

ಮಾದರಿ ಛೇದ ಅಂದರೆ "ಈ ಫಾರ್ಮೇಷನ್ ಅಂದರೆ ಇದು" ಎಂದು ಬೆರಳಿಟ್ಟು ತೋರಿಸುವ ನಿಗದಿತ ಜಾಗ. ಎರಡೂ ಗಡಿ ಕಾಣುವ ಹಳ್ಳ ಅಥವಾ ಕ್ವಾರಿ ಆಗಿದ್ದರೆ ಒಳ್ಳೆಯದು. ಶೇಲಿನಲ್ಲಿ ಅಂಥ ಜಾಗ ಸಿಗುವುದೇ ಕಷ್ಟ, ಮಣ್ಣು ಹುಲ್ಲು ಮುಚ್ಚಿರುತ್ತದೆ. ತಳ ಒಂದು ಕಡೆ, ತಲೆ ಇನ್ನೊಂದು ಕಡೆ ಕಂಡರೆ ಎರಡೂ ಜಾಗ ಹೇಳಬಹುದು. ಕೋರ್ ಇದ್ದರೆ ಅದನ್ನೂ ಬಳಸಬಹುದು. ಅಕ್ಷಾಂಶ ರೇಖಾಂಶ ತಪ್ಪದೆ ಕೊಡಿ.

ಹೆಸರಿನ ಕಟ್ಟು ಸರಳ: ಊರು ಅಥವಾ ಜಾಗದ ಹೆಸರು, ಕಲ್ಲಿನ ಹೆಸರು, ಕೊನೆಗೆ ಫಾರ್ಮೇಷನ್. ಬೋಲಂಡ್, ಶೇಲ್, ಫಾರ್ಮೇಷನ್. ಅಮೆರಿಕದ ಟೆಕ್ಸಾಸ್‌ನಲ್ಲಿರುವ ಬಾರ್ನೆಟ್ ಶೇಲ್ ಕೂಡ ಕಾರ್ಬೊನಿಫೆರಸ್ ಕಲ್ಲೇ, ಅದಕ್ಕೂ ಜಾಗದಿಂದಲೇ ಹೆಸರು.

ಪಳೆಯುಳಿಕೆಯ ಹೆಸರನ್ನು ಫಾರ್ಮೇಷನ್‌ಗೆ ಇಡಬೇಡಿ. ಕಾಶ್ಮೀರದ ಕಾರ್ಬೊನಿಫೆರಸ್ ಕಲ್ಲುಗಳಲ್ಲಿ ಫೆನೆಸ್ಟೆಲ್ಲಾ ಶೇಲ್ ಎಂಬುದಿದೆ. ಫೆನೆಸ್ಟೆಲ್ಲಾ ಅನ್ನುವುದು ಜಾಲರಿಯಂತೆ ಬೆಳೆಯುವ ಬ್ರಯೋಜೋವಾ ಎಂಬ ಸಮುದ್ರ ಜೀವಿ. ಹೆಸರು ಹಳೆಯದು, ಬಳಕೆಯಲ್ಲಿ ಗಟ್ಟಿಯಾಗಿ ಕೂತಿದೆ, ಈಗ ಕೀಳುವುದು ಕಷ್ಟ. ಆದರೆ ತೊಡಕು ನೋಡಿ. ಅದೇ ಶೇಲ್ ಪಕ್ಕದ ಕಣಿವೆಗೆ ಹೋದಾಗ ಆ ಪಳೆಯುಳಿಕೆ ಸಿಗದಿದ್ದರೆ ಅದನ್ನು ಏನೆಂದು ಕರೆಯುತ್ತೀರಿ? ಭಾರತದಲ್ಲಿ 1971ರಿಂದಲೇ ಪದರಶಿಲೆಗಳ ನಾಮಕರಣಕ್ಕೆ ಸಂಹಿತೆ ಇದೆ. ಹೊಸ ಹೆಸರು ಕೊಡುವವರು ಮೊದಲು ಅದನ್ನು, ಜೊತೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯನ್ನು ಓದಬೇಕು.

ಹಂತ 5: ಮೆಟ್ಟಿಲಿನಲ್ಲಿ ಜಾಗ ಕೊಡಿ

ಫಾರ್ಮೇಷನ್ ಮೂಲ ಘಟಕ. ಅದರೊಳಗೆ ಎದ್ದು ಕಾಣುವ ಭಾಗವಿದ್ದರೆ ಅದು ಮೆಂಬರ್. ಒಂದೇ ಒಂದು ಗುರುತಿನ ಪದರವಾದರೆ ಬೆಡ್. ಸಂಬಂಧಪಟ್ಟ ಫಾರ್ಮೇಷನ್‌ಗಳು ಸೇರಿದರೆ ಗ್ರೂಪ್. ಬೋಲಂಡ್ ಶೇಲ್ ಇರುವುದು ಕ್ರೇವನ್ ಗ್ರೂಪಿನಲ್ಲಿ. ಮೆಂಬರ್ ಇರಲೇಬೇಕು ಎಂದೇನಿಲ್ಲ. ಸುಮ್ನೆ ಹೆಸರು ಹೆಚ್ಚಿಸಬೇಡಿ.

ಹಂತ 6: ಈಗ ವಯಸ್ಸು, ಅದೂ ಬೇರೆ ಖಾತೆಯಲ್ಲಿ

ಕಾರ್ಬೊನಿಫೆರಸ್ ಕಾಲ 35.89 ಕೋಟಿ ವರ್ಷದ ಹಿಂದೆ ಶುರುವಾಗಿ 29.89 ಕೋಟಿ ವರ್ಷದ ಹಿಂದೆ ಮುಗಿಯಿತು. ಅದರಲ್ಲಿ ಎರಡು ಭಾಗ: ಹಳೆಯದು ಮಿಸಿಸಿಪಿಯನ್, ಹೊಸದು ಪೆನ್ಸಿಲ್ವೇನಿಯನ್. ನಡುವಿನ ಗೆರೆ ಸುಮಾರು 32.3 ಕೋಟಿ ವರ್ಷದ ಹಿಂದೆ.

ಶೇಲಿನಲ್ಲಿ ವಯಸ್ಸು ಹೇಳಲು ಅತಿ ಒಳ್ಳೆಯ ಸಾಕ್ಷಿ ಗೋನಿಯಟೈಟ್. ಸುರುಳಿ ಚಿಪ್ಪಿನ ಈಜುವ ಪ್ರಾಣಿ. ಅವು ಬೇಗ ಬೇಗ ರೂಪ ಬದಲಿಸುತ್ತಾ ಹೋದವು, ದೂರ ದೂರ ಹರಡಿದವು, ಹಾಗಾಗಿ ಕಾಲ ಹೇಳಲು ಅನುಕೂಲ. ಬೋಲಂಡ್ ಮತ್ತು ಅದರ ಮೇಲಿನ ಕಲ್ಲುಗಳಲ್ಲಿ ಇವು ಎಲ್ಲೆಡೆ ಚದುರಿಲ್ಲ, ತೆಳು ಪಟ್ಟಿಗಳಲ್ಲಿ ಗುಂಪಾಗಿ ಸಿಗುತ್ತವೆ. ಈ ಪಟ್ಟಿಗೆ ಮರೀನ್ ಬ್ಯಾಂಡ್ ಎಂದು ಹೆಸರು. ಆಗ ಗೊಂಡ್ವಾನ ಖಂಡದ ಮೇಲೆ ಹಿಮ ಬೆಳೆಯುತ್ತಾ ಕರಗುತ್ತಾ ಇತ್ತು. ನಮ್ಮ ಭಾರತವೂ ಆ ಖಂಡದ ಭಾಗವೇ. ಅಲ್ಲಿ ಹಿಮ ಕರಗಿದಾಗಲೆಲ್ಲ ಇಂಗ್ಲೆಂಡಿನಲ್ಲಿ ಸಮುದ್ರ ಏರಿತು, ಒಂದೊಂದು ಏರಿಕೆಗೂ ಅದರದೇ ಗೋನಿಯಟೈಟ್ ಇರುವ ಪಟ್ಟಿ ಉಳಿಯಿತು.

ಅದರಲ್ಲಿ ನೀವು ಹುಡುಕಲೇಬೇಕಾದದ್ದು ಎಮ್‌ಸ್ಟೈಟಿಸ್ ಲಿಯಾನ್ ಪಟ್ಟಿ. ಬ್ರಿಟನ್ನಿನ ಕಾಲದ ಪಟ್ಟಿಯಲ್ಲಿ ನಮೂರಿಯನ್ ಎಂಬ ಕಾಲಹಂತದ, ಅದರ ಮೊದಲ ಉಪಹಂತ ಪೆಂಡ್ಲಿಯನ್‌ನ ತಳ ಇದೇ. ಆ ತಳದ ಮಾದರಿ ಜಾಗ ಲ್ಯಾಂಕಾಷೈರ್‌ನ ಪೆಂಡಲ್ ಹಿಲ್ ಗುಡ್ಡದ ಲೈಟ್ ಕ್ಲಫ್ ಎಂಬ ಹಳ್ಳದಲ್ಲಿದೆ. ಹಳೆಯ ಪ್ರಬಂಧಗಳಲ್ಲಿ ಇದೇ ಪ್ರಾಣಿಯ ಹೆಸರು ಕ್ರೇವನೊಸೆರಾಸ್ ಲಿಯಾನ್ ಎಂದಿರುತ್ತದೆ. ಎರಡು ಬೇರೆ ಪಟ್ಟಿ ಎಂದು ಎಣಿಸಬೇಡಿ.

ಮೇಲಿನ ಬೋಲಂಡ್ ಶೇಲ್, ಕೆಳಗಿನ ಬೋಲಂಡ್ ಶೇಲ್ ಎಂಬ ಪಾಲೂ ಈ ಪಟ್ಟಿಯಿಂದಲೇ ಬಂದದ್ದು. ಇಲ್ಲಿ ಒಂದು ಇಕ್ಕಟ್ಟಿದೆ. ಪಟ್ಟಿಯ ಮೇಲೂ ಕಪ್ಪು ಮಡ್‌ಸ್ಟೋನ್, ಕೆಳಗೂ ಕಪ್ಪು ಮಡ್‌ಸ್ಟೋನ್. ಗೋನಿಯಟೈಟ್ ಸಿಗದ ಜಾಗದಲ್ಲಿ ಬರಿಗಣ್ಣಿಗೆ ಪಾಲು ಮಾಡಲು ಆಗುವುದಿಲ್ಲ. ಅಂದರೆ ಪಳೆಯುಳಿಕೆ ಖಾತೆಯ ಗೆರೆಯನ್ನು ಕಲ್ಲಿನ ಖಾತೆಗೆ ತಂದಂತಾಯಿತು, ಅಲ್ವಾ? ಕೆಲಸಕ್ಕೆ ಬರುವ ಪಾಲು, ಬಳಸಿ. ಆದರೆ ಎರಡು ಫಾರ್ಮೇಷನ್ ಎಂದು ಬರೆಯಬೇಡಿ.

ಇನ್ನೊಂದು ಗುಂಡಿ ಇನ್ನೂ ಆಳ. ಹಳೆಯ ಬ್ರಿಟಿಷ್ ಪುಸ್ತಕಗಳು ಅಪ್ಪರ್ ಕಾರ್ಬೊನಿಫೆರಸ್ ಎಂದು ಬರೆದರೆ ಅದು ಶುರುವಾಗುವುದು ನಮೂರಿಯನ್ ತಳದಿಂದ. ಪೆನ್ಸಿಲ್ವೇನಿಯನ್ ಶುರುವಾಗುವುದು ಅದಕ್ಕಿಂತ ಎಷ್ಟೋ ಲಕ್ಷ ವರ್ಷ ಆದಮೇಲೆ. ಹಾಗಾಗಿ ಪೆಂಡ್ಲಿಯನ್ ಕಾಲದ ಬೋಲಂಡ್ ಶೇಲ್ ಹಳೆಯ ಪುಸ್ತಕದಲ್ಲಿ ಅಪ್ಪರ್ ಕಾರ್ಬೊನಿಫೆರಸ್, ಇಂದಿನ ಜಾಗತಿಕ ಪಟ್ಟಿಯಲ್ಲಿ ಮಿಸಿಸಿಪಿಯನ್. ಎರಡೂ ಸರಿ. ಒಂದರ ಬದಲು ಇನ್ನೊಂದನ್ನು ಹಾಕಿದರೆ ಮಾತ್ರ ತಪ್ಪು. ಬ್ರಿಟಿಷ್ ಉಪಹಂತದ ಹೆಸರು ಮೊದಲು ಬರೆದು, ಪಕ್ಕದಲ್ಲಿ ವೀಸಿಯನ್, ಸರ್ಪುಖೋವಿಯನ್, ಬಾಷ್ಕಿರಿಯನ್ ಎಂಬ ಜಾಗತಿಕ ಹೆಸರು ಕೊಡಿ. ಅವು ಸುಮಾರಾಗಿ ಹೊಂದುತ್ತವೆ, ಗೆರೆಗೆ ಗೆರೆ ಕೂಡುವುದಿಲ್ಲ.

ಹಂತ 7: ಪಕ್ಕದ ಊರಿಗೆ ಹೋಗಿ ನೋಡಿ

ಒಂದು ಹಳ್ಳ ನೋಡಿ ಫಾರ್ಮೇಷನ್ ಮುಗಿಯುವುದಿಲ್ಲ. ಅದು ಎಲ್ಲಿವರೆಗೆ ಹರಡಿದೆ, ಗಡಿಗಳು ಹೇಗೆ ಬದಲಾಗುತ್ತವೆ ನೋಡಬೇಕು. ಕ್ರೇವನ್ ಕಣಿವೆಯಲ್ಲಿ ಪೆಂಡ್ಲಿಯನ್ ಕಾಲದಲ್ಲೇ ಮರಳು ಬಂದು ಶೇಲ್ ಮುಗಿಯುತ್ತದೆ. ದಕ್ಷಿಣಕ್ಕೆ, ಡರ್ಬಿಷೈರ್‌ನ ಈಡೇಲ್ ಕಡೆಗೆ ಮರಳು ತಲುಪಿದ್ದು ಬಹಳ ತಡವಾಗಿ, ಕಿಂಡರ್‌ಸ್ಕೌಟಿಯನ್ ಎಂಬ ಉಪಹಂತದಲ್ಲಿ. ಅಲ್ಲಿವರೆಗೆ ಕಪ್ಪು ಕೆಸರು ಕೂರುತ್ತಲೇ ಇತ್ತು. ಅಂದರೆ ಅದೇ ಫಾರ್ಮೇಷನ್ನಿನ ತಲೆ ಉತ್ತರದಲ್ಲಿ ಹಳೆಯದು, ದಕ್ಷಿಣದಲ್ಲಿ ಹೊಸದು. ಗಡಿಯ ವಯಸ್ಸು ಊರಿಂದ ಊರಿಗೆ ಬದಲಾಗುವ ಈ ಗುಣಕ್ಕೆ ಡಯಾಕ್ರೋನಸ್ ಎನ್ನುತ್ತಾರೆ. ಇದು ದೋಷವಲ್ಲ. ವಯಸ್ಸು ನೋಡಿ ಗಡಿ ಎಳೆದಿದ್ದರೆ ಈ ಸಂಗತಿಯೇ ಕಣ್ಣಿಗೆ ಬೀಳುತ್ತಿರಲಿಲ್ಲ.

ಈಡೇಲ್‌ನ ಕಲ್ಲಿಗೆ ಮೊದಲು ಈಡೇಲ್ ಶೇಲ್ ಎಂದೇ ಬೇರೆ ಹೆಸರಿತ್ತು. ಬ್ರಿಟಿಷ್ ಜಿಯಲಾಜಿಕಲ್ ಸರ್ವೆ 2009ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಅದು ಬೋಲಂಡ್ ಶೇಲಿಗೆ ಸೇರಿತು. ಕಲ್ಲು ಒಂದೇ ಆದಮೇಲೆ ಎರಡು ಹೆಸರು ಯಾಕೆ ಅನ್ನುವ ತರ್ಕ. ನನಗೆ ಇದು ಸರಿ ಅನ್ನಿಸುತ್ತದೆ, ಹಳೆಯ ನಕ್ಷೆ ಓದುವಾಗ ತಲೆ ತಿರುಗುವುದು ನಿಜವಾದರೂ.

ಹಂತ 8: ಒಳಗೇನಿದೆ, ವರ್ಗ ಹಚ್ಚಿ

ಇದು ಪ್ರಯೋಗಾಲಯದ ಕೆಲಸ. ಕ್ಷ-ಕಿರಣ ವಿವರ್ತನೆಯಿಂದ, ಅಂದರೆ ಎಕ್ಸ್‌ಆರ್‌ಡಿ ಯಂತ್ರದಿಂದ ಖನಿಜಗಳ ಪಾಲು ಸಿಗುತ್ತದೆ. ಅದನ್ನು ಮೂರು ಮೂಲೆಯ ತ್ರಿಕೋನದಲ್ಲಿ ಗುರುತಿಸುತ್ತಾರೆ: ಬೆಣಚು ಮತ್ತು ಫೆಲ್ಡ್‌ಸ್ಪಾರ್ ಒಂದು ಮೂಲೆ, ಜೇಡಿ ಒಂದು, ಕಾರ್ಬೊನೇಟ್ (ಕ್ಯಾಲ್ಸೈಟ್, ಡೊಲೊಮೈಟ್‌ನಂಥವು) ಒಂದು. ಯಾವುದು ಅರ್ಧ ದಾಟುತ್ತದೋ ಕಲ್ಲಿಗೆ ಅದರ ವಿಶೇಷಣ. ಯಾವುದೂ ದಾಟದಿದ್ದರೆ ಮಿಶ್ರ.

ಲೆಕ್ಕಕ್ಕೆ ಒಂದು ಕಲ್ಪಿತ ಮಾದರಿ. ಬೆಣಚು-ಫೆಲ್ಡ್‌ಸ್ಪಾರ್ ಶೇಕಡ 48, ಜೇಡಿ 30, ಕಾರ್ಬೊನೇಟ್ 14, ಪೈರೈಟ್ 8. ಪೈರೈಟಿಗೆ ತ್ರಿಕೋನದಲ್ಲಿ ಜಾಗವಿಲ್ಲ, ತೆಗೆಯಿರಿ. ಉಳಿದ 92ನ್ನು ನೂರು ಮಾಡಿಕೊಂಡರೆ 52.2, 32.6, 15.2 ಆಗುತ್ತದೆ. ಅರ್ಧ ದಾಟದಿದ್ದ ಬೆಣಚು ಈಗ ದಾಟಿತು, ಕಲ್ಲು ಸಿಲಿಕಾ ಮಡ್‌ಸ್ಟೋನ್ ಆಯಿತು. ಹೀಗೆ ಮಾಡಿದ್ದೀರಾ ಇಲ್ಲವಾ ಅಂತ ಬರೆಯದಿದ್ದರೆ ನಿಮ್ಮ ವರ್ಗವನ್ನು ಬೇರೆಯವರ ವರ್ಗದ ಜೊತೆ ಹೋಲಿಸಲು ಆಗುವುದಿಲ್ಲ.

ಮುಂದಿನದು ಜೈವಿಕ ಇಂಗಾಲ, ಅಂದರೆ ಸತ್ತ ಜೀವಿಗಳಿಂದ ಉಳಿದ ಇಂಗಾಲ. ಬೋಲಂಡ್‌ನಲ್ಲಿ ಅದು ಬಹುಪಾಲು ಶೇಕಡ 1ರಿಂದ 3, ಕೆಲವೆಡೆ 8ರ ತನಕ. ಅಳೆಯುವ ಮೊದಲು ಆಮ್ಲ ಹಾಕಿ ಕಾರ್ಬೊನೇಟನ್ನು ತೆಗೆಯಲೇಬೇಕು. ಇಲ್ಲದಿದ್ದರೆ ಸುಣ್ಣದ ಇಂಗಾಲವೂ ಲೆಕ್ಕಕ್ಕೆ ಬಂದು, ಬಡಕಲು ಶೇಲ್ ಶ್ರೀಮಂತವಾಗಿ ಕಾಣುತ್ತದೆ.

ಮೂರನೆಯದು ನೆಲದಡಿಯ ಬಿಸಿಗೆ ಕಲ್ಲು ಎಷ್ಟು ಬೆಂದಿದೆ ಅನ್ನುವುದು. ಮರದ ಅವಶೇಷವಾದ ವಿಟ್ರಿನೈಟ್ ಎಷ್ಟು ಬೆಳಕು ಹಿಂತಿರುಗಿಸುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಬೋಲಂಡ್‌ನಲ್ಲಿ ಎಷ್ಟು ಅನಿಲವಿದೆ ಎಂದು ಬ್ರಿಟಿಷ್ ಸರ್ವೆ 2013ರಲ್ಲಿ ಮಾಡಿದ ಅಂದಾಜಿನಲ್ಲಿ, ಹೀಗೆ ಹಿಂತಿರುಗುವ ಬೆಳಕು ಶೇಕಡ 1.1 ದಾಟಿದರೆ ಅನಿಲ ಹುಟ್ಟುವ ಮಟ್ಟ ಎಂದು ಹಿಡಿದಿದ್ದರು. ನೆಲದ ಮೇಲೆ ಮರಗಳೇ ಇಲ್ಲದ ಕಾಲದ ಕಲ್ಲಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಕಲಾದಗಿ ಶೇಲಿಗೆ ಇದನ್ನು ಮಾಡಿಸಬಹುದಾ ಎಂದು ಕೇಳಿದವರಿಗೆ ಇದೇ ಉತ್ತರ.

ಮಾದರಿ ತಾಜಾ ಇರಲಿ. ದಂಡೆಯ ಹೊರಮೈಯಲ್ಲಿ ಪೈರೈಟ್ ಗಾಳಿ ನೀರು ತಾಗಿ ಕೊಳೆತು ಗಂಧಕಾಮ್ಲ ಆಗುತ್ತದೆ. ಆ ಆಮ್ಲ ಕ್ಯಾಲ್ಸೈಟನ್ನು ತಿಂದು ಜಿಪ್ಸಮ್ ಬಿಡುತ್ತದೆ. ಸಮುದ್ರದ ನೀರು ಆವಿಯಾದಾಗಲೂ ಜಿಪ್ಸಮ್ ಉಳಿಯುತ್ತದೆ, ಹಾಗಾಗಿ ವರದಿಯಲ್ಲಿ ಜಿಪ್ಸಮ್ ಕಂಡು "ಸಮುದ್ರ ಬತ್ತಿತ್ತು" ಎಂದು ಬರೆದರೆ ಮುಗಿಯಿತು ಕಥೆ. ಹೊರಮೈ ಕೆರೆದು ಒಳಗಿನ ಗಟ್ಟಿ ಕಲ್ಲು ತೆಗೆಯಿರಿ. ಒಣಗಿಸಿ ಚೀಲ ಕಟ್ಟಿ.

ಬೋರ್ ಇದ್ದರೆ ಗಾಮಾ ಲಾಗ್ ಕೂಡ ಸಿಗುತ್ತದೆ, ಅಂದರೆ ಕಲ್ಲಿನ ಸಹಜ ವಿಕಿರಣದ ಗೆರೆ. ಮರೀನ್ ಬ್ಯಾಂಡ್‌ಗಳಲ್ಲಿ ಯುರೇನಿಯಂ ಜಾಸ್ತಿ, ಗೆರೆ ಥಟ್ಟನೆ ಏರುತ್ತದೆ. ಆದರೆ ಏರಿದ್ದೆಲ್ಲ ಲಿಯಾನ್ ಪಟ್ಟಿ ಅಲ್ಲ. ಯಾವ ಪಟ್ಟಿ ಎಂದು ಹೇಳುವುದು ಗೋನಿಯಟೈಟೇ.

ಹಂತ 9: ಬರೆದು ಪ್ರಕಟಿಸಿ

ಪ್ರಕಟವಾಗದ ಹೆಸರು ಅಧಿಕೃತವಲ್ಲ. ಹೆಸರು, ಅದರ ಹಿನ್ನೆಲೆ, ಮಾದರಿ ಛೇದ, ಎರಡು ಗಡಿ, ದಪ್ಪ, ಹರಡಿದ ಪ್ರದೇಶ, ಹಳೆಯ ಹೆಸರುಗಳ ಪಟ್ಟಿ, ಕೊನೆಯಲ್ಲಿ ವಯಸ್ಸು ಮತ್ತು ಆಗಿನ ಪರಿಸರದ ಬಗ್ಗೆ ನಿಮ್ಮ ಅಭಿಪ್ರಾಯ. ಈ ಕ್ರಮದಲ್ಲೇ ಬರೆದರೆ ಖಾತೆ ಕಲಸುವುದಿಲ್ಲ. ಹೆಸರು ಈಗಾಗಲೇ ಬಳಕೆಯಲ್ಲಿದೆಯಾ ಎಂದು ಆಯಾ ದೇಶದ ಸರ್ವೆಯ ಹೆಸರಿನ ಕೋಶದಲ್ಲಿ ನೋಡಿ.

ಬೇರೆಯವರ ಅಂಕಿ ಬಳಸುವಾಗ ಅವರು ಯಾವ ಘಟಕದ ಬಗ್ಗೆ ಹೇಳುತ್ತಿದ್ದಾರೆ ಗಮನಿಸಿ. ಬ್ರಿಟಿಷ್ ಸರ್ವೆಯ 2013ರ ವರದಿಯ 1,329 ಟ್ರಿಲಿಯನ್ ಘನ ಅಡಿ ಅನಿಲದ ಅಂದಾಜನ್ನು ಎಲ್ಲರೂ "ಬೋಲಂಡ್ ಶೇಲಿನದು" ಎಂದು ಎತ್ತಿ ಬರೆಯುತ್ತಾರೆ. ಅದು ಬೋಲಂಡ್-ಹಾಡರ್ ಘಟಕದ ಲೆಕ್ಕ. ಭೂಕಂಪನ ಅಲೆಗಳ ಚಿತ್ರದಲ್ಲಿ ಒಟ್ಟಾಗಿ ಗುರುತಿಸಿದ ದಪ್ಪ ಘಟಕ ಅದು, ಅದರಲ್ಲಿ ಕೆಳಗಿನ ಹಾಡರ್ ಮಡ್‌ಸ್ಟೋನ್ ಕೂಡ ಸೇರಿದೆ. ಮೇಲಾಗಿ ಅದು ನೆಲದಡಿ ಇರುವ ಅನಿಲ, ಮೇಲೆತ್ತಲು ಸಾಧ್ಯವಿರುವ ಅನಿಲ ಅಲ್ಲ. ನಿಮ್ಮ ಫಾರ್ಮೇಷನ್ನಿನ ದಪ್ಪಕ್ಕೆ ಆ ಅಂಕಿ ಭಾಗಿಸಲು ಹೋಗಬೇಡಿ.

ಮಾದರಿಗಳಿಗೆ ಸಂಖ್ಯೆ ಹಾಕಿ, ಲಾಗ್‌ನಲ್ಲಿ ಅದೇ ಸಂಖ್ಯೆ ಗುರುತಿಸಿ, ಗೋನಿಯಟೈಟ್ ಇರುವ ಚೂರುಗಳನ್ನು ವಿಶ್ವವಿದ್ಯಾಲಯದ ಅಥವಾ ಸರ್ವೆಯ ಸಂಗ್ರಹಾಲಯಕ್ಕೆ ಕೊಡಿ. ಮನೆಯ ಕಪಾಟಿನಲ್ಲಿ ಇಟ್ಟರೆ ಪೈರೈಟ್ ಕೊಳೆತು ಕೆಲವೇ ವರ್ಷಗಳಲ್ಲಿ ಚಿಪ್ಪೂ ಇಲ್ಲ, ಚೀಟಿಯೂ ಇಲ್ಲ.